ಅಂಗನವಾಡಿ, ಎಲ್‌ಕೆಜಿ ಮಕ್ಕಳ ಬೆಳವಣಿಗೆ ಮತ್ತು ಕಲಿಕೆಯನ್ನು ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟೀಚರ್‌ಗಳ ತರಬೇತಿಯಲ್ಲಿ, ಪೋಷಕರ ಸಭೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಂದಲೂ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮಾತೆಲ್ಲ 3ರಿಂದ 6 ವರ್ಷದ ಮಕ್ಕಳ ಬಗ್ಗೆ. ಪೂರ್ತಿ ಓದಬೇಕೆಂದೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ.

## ಶುರುವಿನ ಪ್ರಶ್ನೆಗಳು

"ಮೂರು ವರ್ಷದ ಮಗುವಿಗೆ ಮೌಲ್ಯಾಂಕನ ಅಂದ್ರೆ ಏನ್ ಮೇಡಂ? ಅದಕ್ಕೂ ಪರೀಕ್ಷೆನಾ?"

ಪರೀಕ್ಷೆ ಅಲ್ಲ. ಮಗು ಈಗ ಏನು ಮಾಡುತ್ತಿದೆ, ಯಾವುದಕ್ಕೆ ಕೈ ಹಾಕಿ ಅರ್ಧಕ್ಕೆ ಬಿಡುತ್ತಿದೆ, ನಾಳೆ ಏನು ಕೊಟ್ಟರೆ ಇನ್ನೊಂಚೂರು ಮುಂದೆ ಹೋದೀತು ಎಂದು ತಿಳಿದುಕೊಳ್ಳುವುದು. ಅದಕ್ಕೆ ಇಷ್ಟು ದೊಡ್ಡ ಹೆಸರು.

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಲ್ಲ, ಮಗುವಿನ ವಿಷಯದಲ್ಲಿ ಆ ಒಂದು ಅಗುಳು ಸಾಲದು. ರಾತ್ರಿ ನಿದ್ದೆಗೆಟ್ಟಿದ್ದರೆ, ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದರೆ, ಮನೆಯಲ್ಲಿ ತಂಗಿ ಹುಟ್ಟಿದ್ದರೆ ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ. ಅದಕ್ಕೇ ಬೇರೆ ಬೇರೆ ದಿನ, ಬೇರೆ ಬೇರೆ ಆಟದಲ್ಲಿ ನೋಡಬೇಕು. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ (3ರಿಂದ 8 ವರ್ಷ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಇದನ್ನೇ ಹೇಳುತ್ತದೆ: ಮಗುವನ್ನು ಗಮನಿಸಿ, ಮಗು ಮಾಡಿದ್ದನ್ನು ನೋಡಿ, ಈ ವಯಸ್ಸಿಗೆ ಪರೀಕ್ಷೆ ಬೇಡ. ಶಿಕ್ಷಣ ನೀತಿಯ ಬಗ್ಗೆ ದೆಹಲಿ, ಬೆಂಗಳೂರಿನ ನಡುವೆ ಎಷ್ಟೇ ಜಗಳ ಇರಲಿ, ಈ ಒಂದು ವಿಷಯದಲ್ಲಿ ಜಗಳಕ್ಕೆ ಜಾಗ ಇಲ್ಲ ಅಂತ ನನ್ನ ಅನಿಸಿಕೆ.

"ಯುಕೆಜಿಯಲ್ಲಿ ಯೂನಿಟ್ ಟೆಸ್ಟ್ ಇಟ್ಟಿದ್ರು. ನನ್ನ ಮಗಳಿಗೆ 25ಕ್ಕೆ 14. ಚಿಂತೆ ಮಾಡ್ಬೇಕಾ?"

ಮಗಳ ಬಗ್ಗೆ ಬೇಡ. ಟೆಸ್ಟ್ ಇಟ್ಟ ಶಾಲೆಯ ಬಗ್ಗೆ ಸ್ವಲ್ಪ ಮಾಡಿ.

14 ಅನ್ನುವ ಅಂಕಿಯಿಂದ ನಿಮಗೆ ಏನು ಗೊತ್ತಾಯಿತು? ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ, ಪೆನ್ಸಿಲ್ ಹಿಡಿದು ಕೈ ನೋವು ಬಂತೋ, ಕಿಟಕಿ ಆಚೆ ನಾಯಿಮರಿ ಬಂತೋ, ಹೇಳುವುದಿಲ್ಲ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದದ್ದಕ್ಕೆ ಅಂಕ ಹೋಗಿದ್ದರೆ ನಕ್ಕು ಬಿಡಿ. ಆರೇಳು ವರ್ಷದವರೆಗೂ ಅದು ಮಾಮೂಲು. ಟೀಚರ್ ಹತ್ತಿರ ಹೋಗಿ "ಎಷ್ಟು ಬಂತು" ಎಂದು ಕೇಳಬೇಡಿ. "ಇವಳು ಯಾವ ಆಟಕ್ಕೆ ಜಾಸ್ತಿ ಹೊತ್ತು ಕೂರ್ತಾಳೆ, ಯಾರ ಜೊತೆ ಸೇರ್ತಾಳೆ, ಎಲ್ಲಿ ಸಿಕ್ಕಿಹಾಕ್ಕೊಳ್ತಾಳೆ" ಎಂದು ಕೇಳಿ. ಉತ್ತರ ಬಂದರೆ ಆ ಟೀಚರ್ ಮಗುವನ್ನು ನೋಡುತ್ತಿದ್ದಾರೆ ಎಂದರ್ಥ.

"ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕ್ತಾರೆ, ಎತ್ತರ ನೋಡ್ತಾರೆ. ಅದೇ ಅಲ್ವಾ ಬೆಳವಣಿಗೆ?"

ಅದು ಅರ್ಧ. ತೂಕ, ಎತ್ತರ, ತೋಳಿನ ಸುತ್ತಳತೆ ಇವು ಮೈ ಬೆಳೆದದ್ದನ್ನು ಹೇಳುತ್ತವೆ. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ತಡಮಾಡುವಂತಿಲ್ಲ. ಮಾತು, ನಡೆ, ಕೈಚಳಕ, ಯೋಚನೆ, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದು ಇನ್ನರ್ಧ. ಅದನ್ನು ತಕ್ಕಡಿಯಲ್ಲಿ ಹಾಕಲಾಗದು.

ನಮ್ಮ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಮೊದಲ ಅರ್ಧಕ್ಕೇ ತೂಕ ಜಾಸ್ತಿ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಶಾಲಾಪೂರ್ವ ಶಿಕ್ಷಣವೂ ಅಂದಿನಿಂದಲೇ ಅದರ ಆರು ಸೇವೆಗಳಲ್ಲಿ ಒಂದು. ಆದರೆ ಇಂದಿಗೂ ಊರಿನವರ ಬಾಯಲ್ಲಿ ಅಂಗನವಾಡಿ ಅಂದರೆ ಮೊಟ್ಟೆ, ಹಾಲು, ಆಹಾರದ ಪ್ಯಾಕೆಟ್ಟು. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಎಳೆಯುವ ಪುಟ ಇದ್ದ ಹಾಗೆ, ಯಾವ ವಯಸ್ಸಿಗೆ ಮಗು ಏನು ಮಾಡುತ್ತದೆ ಎಂಬ ಚಿತ್ರಗಳೂ ಇವೆ. ಆ ಪುಟ ತೆರೆದು ನೋಡಿ. ಬಹಳ ಮನೆಗಳಲ್ಲಿ ಆ ಪುಟ ಹೊಸದಾಗೇ ಇರುತ್ತದೆ.

"ನಮ್ಮ ಅಕ್ಕನ ಮಗು ಇದೇ ವಯಸ್ಸಿಗೆ ಎಲ್ಲಾ ಮಾಡ್ತಿತ್ತು. ನಮ್ಮದು ಯಾಕೆ ಹಿಂದೆ?"

ಹಿಂದೆ ಅಲ್ಲದೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿದಾಗ, ಕೆಲವರು ಎಂಟು ತಿಂಗಳು ದಾಟುತ್ತಲೇ ಹಿಡಿದುಕೊಳ್ಳದೆ ನಡೆದರು, ಕೆಲವರು ಹದಿನೇಳೂವರೆ ತಿಂಗಳವರೆಗೆ ಕಾದರು. ಎಲ್ಲರೂ ಸರಿಯಾಗೇ ಇದ್ದವರು. ನಡೆಯುವಂಥ ಒಂದು ಸರಳ ವಿಷಯದಲ್ಲೇ ಒಂಬತ್ತು ತಿಂಗಳ ಅಂತರ!

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಒಂದೇ ಎಲ್‌ಕೆಜಿ ತರಗತಿಯಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗು, ಮುಂದಿನ ಮೇನಲ್ಲಿ ಹುಟ್ಟಿದ ಮಗು ಎರಡೂ ಕೂತಿರುತ್ತವೆ. ನಾಲ್ಕು ವರ್ಷದ ಮಗುವಿಗೆ 11 ತಿಂಗಳು ಅಂದರೆ ಹೆಚ್ಚುಕಡಿಮೆ ಆಯಸ್ಸಿನ ಕಾಲು ಭಾಗ. "ಸ್ಲೋ" ಅನ್ನಿಸಿಕೊಂಡ ಮಕ್ಕಳ ಹುಟ್ಟಿದ ತಿಂಗಳು ಒಮ್ಮೆ ನೋಡಿ. ಎಷ್ಟೋ ಸಲ ಅಲ್ಲೇ ಉತ್ತರ ಇರುತ್ತದೆ.

## ತರಗತಿಯ ಒಳಗೆ

"ಗಮನಿಸಿ ಬರೀರಿ ಅಂತಾರೆ. ಏನು ಬರೀಬೇಕು ಅಂತಾನೇ ಗೊತ್ತಾಗಲ್ಲ"

ಕಂಡದ್ದು ಬರೆಯಿರಿ, ಅನ್ನಿಸಿದ್ದಲ್ಲ. ಎಲ್ಲ ತರಬೇತಿಯಲ್ಲೂ ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

ಒಂದು ಟಿಪ್ಪಣಿ ಹೀಗಿತ್ತು: "ಕಾವ್ಯ ತುಂಬಾ ಹಟಮಾರಿ, ಹಂಚಿಕೊಳ್ಳುವುದಿಲ್ಲ." ಇದರಿಂದ ಕಾವ್ಯ ಸಿಗಲಿಲ್ಲ, ಟೀಚರ್‌ಗೆ ಅವತ್ತು ಬಂದ ಸಿಟ್ಟು ಸಿಕ್ಕಿತು. ಅದೇ ಸಂಗತಿಯನ್ನು ಮತ್ತೆ ಬರೆಸಿದೆ: "ಮಂಗಳವಾರ, 11 ಗಂಟೆ. ಕಾವ್ಯ ಆರು ಬಿಲ್ಲೆ ಇಟ್ಟು ಮನೆ ಕಟ್ಟುತ್ತಿದ್ದಳು. ರಫೀಕ್ ಒಂದು ಬಿಲ್ಲೆ ತೆಗೆದ. ಕಿರುಚಿ ಕಿತ್ತುಕೊಂಡಳು. ಮನೆ ಮುಗಿದ ಮೇಲೆ ತಾನೇ ಅವನನ್ನು ಕರೆದು ಎರಡು ಬಿಲ್ಲೆ ಕೊಟ್ಟು, 'ನೀನು ಗೇಟು ಮಾಡು' ಅಂದಳು." ಈಗ ನೋಡಿ. ಕೆಲಸ ಮುಗಿಸುವ ಹಟ ಇದೆ, ಹಂಚಿಕೊಳ್ಳುವುದೂ ಇದೆ, ಕೆಲಸ ಹಂಚುವ ಯಜಮಾನಿಕೆಯೂ ಇದೆ. (ಹೆಸರು ಬದಲಿಸಿದ್ದೇನೆ, ಬಿಲ್ಲೆಗಳು ನಿಜ.)

ದಿನ, ಹೊತ್ತು, ಜಾಗ, ಮಗು ಮಾಡಿದ್ದು, ಆಡಿದ ಮಾತು ಅದರ ಬಾಯಲ್ಲಿ ಬಂದ ಹಾಗೆ. ಮೂರು ಸಾಲು ಸಾಕು. ಮಗು "ಕೊಟ್ಟೆ" ಅನ್ನದೆ "ಕೊಡಿದೆ" ಅಂದರೆ ತಿದ್ದಿ ಬರೆಯಬೇಡಿ. "ಮಾಡಿದೆ, ಓಡಿದೆ" ಕೇಳಿ ಮಗು ತಾನೇ ಒಂದು ನಿಯಮ ಕಂಡುಕೊಂಡಿದೆ, ಆ ತಪ್ಪು ಬಂಗಾರದಂಥದ್ದು. ಒಳ್ಳೆಯವನು, ಚುರುಕು, ಸೋಮಾರಿ, ಮಂಕು, ತುಂಟ ಈ ಐದು ಪದ ಒಂದು ತಿಂಗಳು ಬಳಸದೆ ಬರೆದು ನೋಡಿ. ಕಷ್ಟ ಆಗುತ್ತೆ. ಆದರೆ ಕಣ್ಣು ಪಳಗುತ್ತದೆ.

"25 ಮಕ್ಕಳು, ನಾನೊಬ್ಬಳೇ. ಜೊತೆಗೆ ಸರ್ವೆ, ಫೋನಲ್ಲಿ ಎಂಟ್ರಿ. ಯಾವಾಗ ಬರೀಲಿ?"

ಈ ದೂರು ನ್ಯಾಯವೇ. ಅಡುಗೆ, ಹಾಜರಿ, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ಎಲ್ಲದರ ಮಧ್ಯೆ 25 ಮಕ್ಕಳನ್ನು ದಿನಾ ಬರೆಯುತ್ತೇನೆ ಎಂದರೆ ಅದು ಸುಳ್ಳು ರೆಕಾರ್ಡು ಆಗುತ್ತದೆ.

ದಿನಕ್ಕೆ ಇಬ್ಬರನ್ನು ಇಟ್ಟುಕೊಳ್ಳಿ. ಬೆಳಿಗ್ಗೆಯೇ ಹೆಸರು ನಿಗದಿ ಮಾಡಿ, ಇಲ್ಲದಿದ್ದರೆ ಗಲಾಟೆ ಮಾಡುವವರನ್ನೇ ನೋಡುತ್ತೀರಿ, ಸುಮ್ನೆ ಮೂಲೆಯಲ್ಲಿ ಕೂತ ಮಗು ವರ್ಷಪೂರ್ತಿ ತಪ್ಪಿಹೋಗುತ್ತದೆ. ಎರಡೂವರೆ ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಹಳೆ ಕ್ಯಾಲೆಂಡರಿನ ಹಾಳೆ ಹರಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಟೀಚರ್ ಒಬ್ಬರನ್ನು ಬಲ್ಲೆ. ಮಕ್ಕಳು ಮಲಗಿದಾಗ ಅದನ್ನು ನೋಡಿ ಪುಸ್ತಕಕ್ಕೆ ಹಾಕುತ್ತಾರೆ. ಸಹಾಯಕಿಯನ್ನೂ ಕೇಳಿ. ಊಟಕ್ಕೆ ಕೂತಾಗ, ಕೈ ತೊಳೆಯುವಾಗ, ಮನೆಗೆ ಬಿಡುವಾಗ ಮಕ್ಕಳು ಆಡುವ ಮಾತು ಹೆಚ್ಚು ಬೀಳುವುದು ಅವರ ಕಿವಿಗೆ.

"1ರಿಂದ 50ರವರೆಗೆ ಗಡಗಡ ಹೇಳ್ತಾನೆ. ಲೆಕ್ಕ ಬರುತ್ತೆ ಅಂತ ಬರ್ಕೊಳ್ಳಬಹುದಾ?"

ಹಾಡು ಬರುತ್ತೆ ಅಂತ ಬರೆದುಕೊಳ್ಳಿ. ಲೆಕ್ಕ ಬೇರೆ.

ಏಳು ಹುಣಸೆ ಬೀಜ ಮುಂದಿಟ್ಟು ಎಣಿಸಲು ಹೇಳಿ. ಒಂದು ಬೀಜಕ್ಕೆ ಒಂದೇ ಸಂಖ್ಯೆ ಹೇಳುತ್ತಾನಾ, ಬಾಯಿ ಮುಂದೆ ಓಡಿ ಬೆರಳು ಹಿಂದೆ ಉಳಿಯುತ್ತಾ? ಎಣಿಸಿ ಮುಗಿದ ಮೇಲೆ "ಒಟ್ಟು ಎಷ್ಟು" ಎಂದರೆ "ಏಳು" ಅನ್ನುತ್ತಾನಾ, ಮತ್ತೆ ಒಂದರಿಂದ ಶುರು ಮಾಡುತ್ತಾನಾ? ಮತ್ತೆ ಶುರು ಮಾಡಿದರೆ, ಕೊನೆಯ ಸಂಖ್ಯೆಯೇ ಒಟ್ಟು ಎಂಬುದು ಅವನಿಗೆ ಇನ್ನೂ ಹೊಳೆದಿಲ್ಲ. ಆಮೇಲೆ ತಿರುಗಿಸಿ ಕೇಳಿ: "ನನಗೆ ಐದು ಬೀಜ ಕೊಡು." ಐವತ್ತು ಹೇಳುವ ಎಷ್ಟೋ ಮಕ್ಕಳು ಇಲ್ಲಿ ಕೈತುಂಬ ಬಾಚಿ ಕೊಡುತ್ತಾರೆ. ಕೊನೆಗೆ ಬೀಜಗಳನ್ನು ದೂರ ದೂರ ಹರಡಿ, ಈಗ ಜಾಸ್ತಿ ಆಯ್ತಾ ಎಂದು ಕೇಳಿ. "ಹೂಂ" ಅಂದರೆ ಗದರಬೇಡಿ. ನಾಲ್ಕೈದು ವರ್ಷದ ಕಣ್ಣಿಗೆ ಉದ್ದ ಕಂಡದ್ದೆಲ್ಲ ಜಾಸ್ತಿಯೇ.

ಒಂದು ಎಚ್ಚರಿಕೆ. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಡಿ. ಮೊದಲ ಉತ್ತರ ತಪ್ಪಿರಬೇಕು ಎಂದುಕೊಂಡು ಮಗು ಸರಿಯಾದದ್ದನ್ನೂ ಬದಲಿಸಿಬಿಡುತ್ತದೆ. ಚೌಕಾಬಾರ, ಅಳಗುಳಿಮಣೆ ಆಡಿಸಿದರೆ ಈ ಪ್ರಶ್ನೋತ್ತರವೇ ಬೇಡ, ಎಲ್ಲ ತಾನಾಗಿ ಕಾಣುತ್ತದೆ. ಇನ್ನು "ಇಪ್ಪತ್ತೊಂಬತ್ತು, ಇಪ್ಪತ್ಹತ್ತು" ಅನ್ನುವ ಮಗು ಸಿಕ್ಕರೆ ಖುಷಿಪಡಿ. ಅದು ಬಾಯಿಪಾಠ ಬಿಟ್ಟು ಯೋಚಿಸುತ್ತಿದೆ.

"ಬರೆಸಬೇಡಿ ಅಂದ್ರೆ ಓದು ಬರಹ ಬರುತ್ತಾ ಅಂತ ಹೇಗೆ ನೋಡೋದು?"

ಬರಹಕ್ಕೆ ಮುಂಚೆ ಬರುವುದನ್ನು ನೋಡಿ. ಚಿತ್ರದ ಪುಸ್ತಕ ಕೊಟ್ಟರೆ ನೆಟ್ಟಗೆ ಹಿಡಿಯುತ್ತಾ, ಎಡದಿಂದ ಬಲಕ್ಕೆ ಹೋಗುತ್ತಾ, ಚಿತ್ರ ನೋಡಿ ಕಥೆ ಕಟ್ಟುತ್ತಾ? "ಕಾಗೆ"ಯಲ್ಲಿ ಎಷ್ಟು ಚಪ್ಪಾಳೆ, "ತೆಂಗಿನಕಾಯಿ"ಯಲ್ಲಿ ಎಷ್ಟು? ಕನ್ನಡದ ಲಿಪಿ ಇಂಥ ತುಂಡುಗಳ ಮೇಲೇ ನಿಂತಿದೆ. ಅದಕ್ಕೇ ಈ ಚಪ್ಪಾಳೆ ಆಟ ಸ್ಲೇಟಿಗಿಂತ ಹೆಚ್ಚು ಹೇಳುತ್ತದೆ. ಬಿಸ್ಕತ್ ಪೊಟ್ಟಣ, ಬಸ್ಸಿನ ಬೋರ್ಡು ನೋಡಿ "ಇಲ್ಲಿ ಏನೋ ಬರೆದಿದೆ" ಅಂದರೆ ಅದೂ ಓದೇ.

ಕೈ ವಿಷಯಕ್ಕೆ ಬಂದರೆ, ಸಾಮಾನ್ಯವಾಗಿ ಮೂರರ ಹೊತ್ತಿಗೆ ವೃತ್ತ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆ, ಆಮೇಲೆ ಚೌಕ, ಐದರ ಆಚೀಚೆ ತ್ರಿಕೋನ ನೋಡಿ ಬರೆಯುತ್ತಾರೆ. ತ್ರಿಕೋನವೇ ಬರದ ಕೈಗೆ "ಋ" ಬರೆಸಿದರೆ ಏನಾದೀತು? ಈ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹೂ ಪೋಣಿಸುವುದು, ಬಟಾಣಿ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ಗುಂಡಿ ಹಾಕುವುದು ನೋಡಿ. ಬೆರಳು ಎಷ್ಟು ತಯಾರಿದೆ ಎಂದು ಅಲ್ಲೇ ತಿಳಿಯುತ್ತದೆ.

"ಮನೆಯಲ್ಲಿ ವಟವಟ ಅಂತಾಳಂತೆ, ಇಲ್ಲಿ ಬಾಯೇ ಬಿಡಲ್ಲ. ಏನಂತ ಬರೀಲಿ?"

ಮೊದಲು ಮನೆಯಲ್ಲಿ ಯಾವ ಭಾಷೆ ಎಂದು ಬರೆಯಿರಿ.

ನಾನು ಹೊಸದರಲ್ಲಿ ಒಂದು ಹುಡುಗಿಯ ಹೆಸರಿನ ಮುಂದೆ "ಬಣ್ಣ ಗೊತ್ತಿಲ್ಲ" ಎಂದು ಗುರುತು ಹಾಕಿದ್ದೆ. ಮನೆಯಲ್ಲಿ ಉರ್ದು. ಎರಡು ವಾರದ ಮೇಲೆ ತಮ್ಮನಿಗೆ ಬಳೆ ತೋರಿಸುತ್ತಾ "ಲಾಲ್, ಹರಾ, ಪೀಲಾ" ಅಂದಳು. ಅವಳಿಗೆ ಬಣ್ಣ ಗೊತ್ತಿತ್ತು, ನನಗೆ ಅವಳ ಭಾಷೆ ಗೊತ್ತಿರಲಿಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ತೆಲುಗು, ಮರಾಠಿ ಮನೆಯ ಮಕ್ಕಳು ನಮ್ಮ ಕೇಂದ್ರಗಳಲ್ಲಿ ಎಲ್ಲೆಲ್ಲೂ ಇದ್ದಾರೆ. ಮಗು ಬಲ್ಲ ಪದಗಳನ್ನು ಎಲ್ಲ ಭಾಷೆ ಸೇರಿಸಿ ಎಣಿಸಬೇಕು. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೊಸ ಭಾಷೆಯ ಜಾಗದಲ್ಲಿ ಮಗು ಕೆಲ ತಿಂಗಳು ಮೌನವಾಗಿ ಕೇಳಿಸಿಕೊಳ್ಳುವುದೂ ಇದೆ.

ಮನೆಯಲ್ಲೂ ಕನ್ನಡವೇ ಆಗಿದ್ದು, ತಿಂಗಳುಗಟ್ಟಲೆ ಶಾಲೆಯಲ್ಲಿ ಒಂದು ಮಾತೂ ಇಲ್ಲ ಎಂದರೆ ಅದು ಬರೀ ನಾಚಿಕೆ ಇರಲಾರದು. ತಜ್ಞರಿಗೆ ತೋರಿಸಿ.

"ಮಗುವಿನ ಫೈಲಲ್ಲಿ ಏನೇನು ಇಡಬೇಕು?"

ಕಡಿಮೆ ಇಡಿ, ತಾರೀಕು ಹಾಕಿ ಇಡಿ. ಜೂನ್, ಅಕ್ಟೋಬರ್, ಫೆಬ್ರುವರಿಯಲ್ಲಿ ಬಿಡಿಸಿದ ಮನುಷ್ಯನ ಚಿತ್ರ ಮೂರು ಇದ್ದರೆ ಸಾಕು, ಗೆರೆಯಿಂದ ಹೊರಟ ಕೈಕಾಲಿಗೆ ಬೆರಳು ಬಂದ ಕಥೆ ಕಾಣುತ್ತದೆ. ಚಿತ್ರದ ಹಿಂದೆ ಮಗು ಅದರ ಬಗ್ಗೆ ಹೇಳಿದ ಮಾತು ಬರೆಯಿರಿ. ಟೀಚರ್ ತಿದ್ದಿದ ಚಿತ್ರ ಬೇಡ. ಹಾಗೇ, ಒಂದು ಮಗು ಅಳುತ್ತಿರುವ ಅಥವಾ ಸೋತ ಫೋಟೋ ಎಲ್ಲರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಫೈಲ್ ಆ ಮಗುವಿನದು, ಆ ಮನೆಯವರದು.

## ಅನುಮಾನ ಬಂದಾಗ

"ತಡವಾಗಿ ಬರುತ್ತೆ ಬಿಡಿ ಅಂತಾರೆ ಅಜ್ಜಿ. ಯಾವಾಗ ಕಾಯಬೇಕು, ಯಾವಾಗ ಡಾಕ್ಟರಿಗೆ ತೋರಿಸಬೇಕು?"

ಅಜ್ಜಿ ಎಷ್ಟೋ ಸಲ ಸರಿ. "ರೈಲು" ಹೋಗಿ "ಲೈಲು" ಆದರೆ, ನಾಲ್ಕು ವರ್ಷಕ್ಕೆ "ಳ" ಬರದಿದ್ದರೆ ಕಾಯಬಹುದು. ಆದರೆ ಕೆಲವಕ್ಕೆ ಕಾಯಬಾರದು. ಎರಡು ವರ್ಷ ತುಂಬಿದರೂ "ಅಮ್ಮ ಬಾ" ಥರ ಎರಡು ಪದ ಸೇರಿಸದಿದ್ದರೆ. ಮೂರು ತುಂಬಿದರೂ ಹೊರಗಿನವರಿಗೆ ಮಾತು ಹೆಚ್ಚುಪಾಲು ಅರ್ಥವಾಗದಿದ್ದರೆ. ಹೆಸರು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ಬೇರೆ ಮಕ್ಕಳ ಕಡೆ ಕಣ್ಣೇ ಹೋಗದಿದ್ದರೆ. ಪದೇ ಪದೇ ಬೀಳುತ್ತಿದ್ದರೆ, ಕೂತಲ್ಲಿಂದ ತೊಡೆ ಮೇಲೆ ಕೈಯೂರಿ ಏಳುತ್ತಿದ್ದರೆ. ಎಲ್ಲಕ್ಕಿಂತ ಮುಖ್ಯ, ಬಂದದ್ದು ಹೋದರೆ. ಆಡುತ್ತಿದ್ದ ಮಾತು ನಿಂತುಹೋದರೆ, ಯಾವ ವಯಸ್ಸೇ ಆಗಿರಲಿ, ಅದೇ ವಾರ ತೋರಿಸಿ.

ಮಾತಿನ ತೊಂದರೆ ಅಂದಾಗ ಮೊದಲು ನೋಡಬೇಕಾದ್ದು ಕಿವಿ. ನೆಗಡಿ, ಕಿವಿ ಸೋರುವುದು ಮತ್ತೆ ಮತ್ತೆ ಬರುವ ಮಗುವಿಗೆ ಅರ್ಧಂಬರ್ಧ ಕೇಳಿಸುತ್ತಿರಬಹುದು, "ಗಮನ ಕೊಡಲ್ಲ" ಎಂಬ ಬೈಗುಳ ಸಿಗುತ್ತಿರಬಹುದು.

ಎಲ್ಲಿಗೆ ಹೋಗುವುದು? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ನಿಮ್ಮ ಮೂರು ಸಾಲಿನ ಟಿಪ್ಪಣಿ ಆ ದಿನ ಕೆಲಸಕ್ಕೆ ಬರುತ್ತದೆ, ಏಕೆಂದರೆ ಡಾಕ್ಟರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು ಮತ್ತು ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಕ್ಕಳ ಮನಸ್ಸು, ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್.

"ಆನ್‌ಲೈನ್‌ನಲ್ಲಿ ಒಂದು ಪಟ್ಟಿ ತುಂಬಿದೆ, ಆಟಿಸಂ ಇರಬಹುದು ಅಂತ ಬಂತು. ಎದೆ ಒಡೆದುಹೋಯ್ತು"

ಪಟ್ಟಿ ಹೇಳಿದ್ದು "ಇನ್ನೊಮ್ಮೆ ಸರಿಯಾಗಿ ತೋರಿಸಿ" ಎಂದಷ್ಟೇ. ಅದು ಜರಡಿ. ತಪ್ಪಿಹೋಗಬಾರದು ಅಂತ ಸಣ್ಣ ಅನುಮಾನವನ್ನೂ ಹಿಡಿದಿಡುತ್ತದೆ, ಹಾಗಾಗಿ ಏನೂ ಇಲ್ಲದ ಮಕ್ಕಳೂ ಅದರಲ್ಲಿ ಸಿಗುತ್ತಾರೆ. ವಯಸ್ಸನ್ನೂ ನೋಡಿ: ಜಾಸ್ತಿ ಓಡಾಡುವ ಎಂ-ಚಾಟ್ ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗೆ. ನಾಲ್ಕು ವರ್ಷದ ಮಗುವಿಗೆ ತುಂಬಿದ್ದರೆ ಆ ಅಂಕಕ್ಕೆ ಬೆಲೆ ಇಲ್ಲ. ಆದರೆ ಎದೆ ಒಡೆದುಕೊಂಡು ಫೋನ್ ಮುಚ್ಚಿಡುವುದೂ ತಪ್ಪು. ಡಾಕ್ಟರ ಹತ್ತಿರ ಹೋಗಿ.

"ತಾಯಿಗೆ ಹೇಗೆ ಹೇಳೋದು? ಹೋದ ಸಲ ಹೇಳಿದ್ದಕ್ಕೆ ಮಗುವನ್ನೇ ಬಿಡಿಸ್ಕೊಂಡು ಹೋದ್ರು"

ಕಾಯಿಲೆಯ ಹೆಸರು ಹೇಳಬೇಡಿ, ಅದು ನಿಮ್ಮ ಕೆಲಸ ಅಲ್ಲ. ಬಾಗಿಲಲ್ಲಿ ನಿಂತು, ನಾಲ್ಕು ಜನರ ಮುಂದೆ ಹೇಳಬೇಡಿ. ಕೂರಿಸಿ, ಮಗು ಮಾಡುವುದರಿಂದ ಶುರು ಮಾಡಿ. "ಪಾತ್ರೆ ಜೋಡಿಸೋದರಲ್ಲಿ ಅವನ ಥರ ಯಾರೂ ಇಲ್ಲಮ್ಮ. ಹಿಂದಿನಿಂದ ಕರೆದ್ರೆ ತಿರುಗಲ್ಲ, ಈ ತಿಂಗಳು ಆರು ಸಲ ನೋಡಿದೆ. ಮನೆಯಲ್ಲಿ ಹೇಗೆ?" ಈ ಕೊನೆಯ ಪ್ರಶ್ನೆ ಕೇಳಿ ಸುಮ್ಮನಿರಿ. ಹೆಚ್ಚಿನ ತಾಯಂದಿರಿಗೆ ಅನುಮಾನ ಆಗಲೇ ಇರುತ್ತದೆ, ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ಅತ್ತೆ, ಗಂಡ ಏನಂದಾರು ಎಂಬ ಭಯ ಬೇರೆ. ಆಗಬಹುದಾದರೆ ಆಸ್ಪತ್ರೆಗೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕಳಿಸಿ.

## ಸ್ವಲ್ಪ ಆಳಕ್ಕೆ

"ಒಂದೇ ಮಗುವಿಗೆ ನಾನು 'ಮಾಡುತ್ತಾಳೆ' ಅಂತ ಹಾಕಿದೆ, ಇನ್ನೊಬ್ರು 'ಇಲ್ಲ' ಅಂತ. ಯಾರದು ಸರಿ?"

ಇಬ್ಬರದೂ ಇರಬಹುದು. "ಸೂಚನೆ ಪಾಲಿಸುತ್ತಾಳೆ" ಎಂಬ ಸಾಲನ್ನೇ ನೋಡಿ. ಒಬ್ಬರು "ಚಪ್ಪಲಿ ಬಿಡು" ಅಂದಿದ್ದನ್ನು ಲೆಕ್ಕ ಹಿಡಿದರು, ಇನ್ನೊಬ್ಬರು "ಚೀಲ ಇಟ್ಟು, ಕೈ ತೊಳ್ಕೊಂಡು, ಚಾಪೆ ಮೇಲೆ ಕೂತ್ಕೋ" ಅಂದದ್ದನ್ನು. ಪಟ್ಟಿಯ ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ಒಂದು ಉದಾಹರಣೆ ಸೇರಿಸಿಕೊಳ್ಳಿ. ಸುತ್ತಲಿನ ಅಂಗನವಾಡಿಯವರೆಲ್ಲ ಸೇರುವ ಸರ್ಕಲ್ ಸಭೆಯಲ್ಲಿ ಒಂದೇ ಮಗುವಿನ ಎರಡು ನಿಮಿಷದ ವಿಡಿಯೋ ನೋಡಿ ಎಲ್ಲರೂ ಬೇರೆ ಬೇರೆ ಗುರುತು ಹಾಕಿ, ಆಮೇಲೆ ಚರ್ಚೆ ಮಾಡಿ. ನಾನು ಮಾಡಿಸಿದ ಕಡೆಯೆಲ್ಲ ಮೊದಲ ಸಲ ಜಗಳವೇ ಆಗಿದೆ, ಆ ಜಗಳವೇ ತರಬೇತಿ.

"ಮೇಲಿನವರು ಕೇಳ್ತಾರೆ ಅಂತ ಎಲ್ಲರಿಗೂ 'ಉತ್ತಮ' ಅಂತ ಹಾಕ್ತೀವಿ. ಯಾರಿಗೆ ನಷ್ಟ?"

ಕೇಳಿದ್ದಕ್ಕೆ ಧನ್ಯವಾದ, ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ನಷ್ಟ ಆಗುವುದು ಸಹಾಯ ಬೇಕಿದ್ದ ಇಬ್ಬರು ಮೂವರು ಮಕ್ಕಳಿಗೆ. ಪುಸ್ತಕದಲ್ಲಿ ಎಲ್ಲರೂ "ಉತ್ತಮ" ಆದರೆ ಅವರನ್ನು ಹುಡುಕುವವರೇ ಇಲ್ಲ.

ತಪ್ಪು ಪೂರ್ತಿ ಟೀಚರ್‌ದಲ್ಲ. "ನಿಮ್ಮ ಕೇಂದ್ರದಲ್ಲಿ ಯಾಕೆ ಇಷ್ಟು ಜನ ಹಿಂದೆ" ಎಂದು ನೋಟಿಸ್ ಬರುತ್ತದೆ ಎಂದರೆ ಯಾರು ನಿಜ ಬರೆಯುತ್ತಾರೆ? ಗುರುತು ಕೇಳುವ ಮೇಲ್ವಿಚಾರಕಿ "ಹಾಗಾದರೆ ಏನು ಬೇಕು" ಎಂದೂ ಕೇಳಿದರೆ ಪುಸ್ತಕ ತಾನಾಗೇ ನಿಜವಾಗುತ್ತದೆ.

"ಒಂದನೇ ಕ್ಲಾಸಿಗೆ ಸೇರಿಸೋಕೆ ಮಗುವಿಗೆ ಟೆಸ್ಟ್ ಅಂತಾರೆ. ಕೊಡಿಸ್ಲಾ?"

ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ಮಗುವನ್ನೋ ತಂದೆತಾಯಿಯನ್ನೋ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ ಇದೆ.

ವಯಸ್ಸಿನ ಗೊಂದಲ ಬೇರೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025–26ಕ್ಕೆ ಮಾತ್ರ ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಒಂದು ವರ್ಷ ಹೋಯ್ತು ಅಂತ ಆಗ ಗಲಾಟೆ ಮಾಡಿದ ಪೋಷಕರ ಸಂಕಟ ಅರ್ಥವಾಗುತ್ತದೆ. ಆದರೂ ಐದೂವರೆಯ ಮಗುವನ್ನು ಬೆಂಚಿನ ಮೇಲೆ ಕೂರಿಸಿದ ಟೀಚರ್‌ಗಳನ್ನು ಒಮ್ಮೆ ಕೇಳಿ ನೋಡಿ.

"ಯಾವಾಗ್ಲೂ ಮಗುವನ್ನೇ ಯಾಕೆ ಅಳೀತೀರಿ? ಶಾಲೆಯನ್ನು ಅಳೆಯೋರು ಯಾರು?"

ಅದನ್ನೂ ಮಗುವಿನ ಟಿಪ್ಪಣಿಯಲ್ಲೇ ಓದಬಹುದು. ಹತ್ತು ಮಕ್ಕಳ ಪುಟದಲ್ಲಿ "ಕತ್ತರಿ ಹಿಡಿಯಲು ಬರುವುದಿಲ್ಲ" ಎಂದಿದ್ದರೆ ಕೇಂದ್ರದಲ್ಲಿ ಕತ್ತರಿ ಇಲ್ಲ ಎಂದರ್ಥ. ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದಿದ್ದರೆ ಅಲ್ಲಿ ಮಾತಾಡುತ್ತಿರುವುದು ಟೀಚರ್ ಒಬ್ಬರೇ.

ಒಂದು ಕೇಂದ್ರದಲ್ಲಿ ಮೂರು ತಿಂಗಳ ಟಿಪ್ಪಣಿ ಒಟ್ಟಿಗೆ ಓದಿದಾಗ, ಹುಡುಗಿಯರು ಯಾರೂ ಬಿಲ್ಲೆ ಮೂಲೆಯಲ್ಲಿ ಇರಲೇ ಇಲ್ಲ, ಎಲ್ಲರೂ ಅಡುಗೆ ಆಟದಲ್ಲಿ. ಅವರಿಗೆ ಕಟ್ಟುವುದು ಇಷ್ಟವಿಲ್ಲ ಎಂದು ಬರೆಯಬಹುದಿತ್ತು. ಟೀಚರ್ ಬಿಲ್ಲೆ ಬುಟ್ಟಿಯನ್ನು ಒಲೆ ಪಕ್ಕಕ್ಕೆ ಸರಿಸಿದರು. ವಾರದಲ್ಲಿ ಅಡುಗೆಮನೆಗೆ ಗೋಡೆ ಎದ್ದಿತು, ಗೋಡೆಗೆ ಒಂದು ಗೇಟೂ ಬಂತು.